ತ್ವಕ್ಸಾರ: ಬಿದಿರ ಮನೆಯ ಬಾಳಿಕೆಯನ್ನು ಕುರಿತ ಶಬ್ದವಿಮರ್ಶೆ

೧

ಮನೆಯನ್ನು ಕಟ್ಟುವ ಸಾಮಗ್ರಿಗಳಲ್ಲಿ ಕಲ್ಲು, ಇಟ್ಟಿಗೆ, ಮರ ಇವುಗಳ ಯೋಗ್ಯತೆಯನ್ನು ಕುರಿತು ಜನರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಬಿದಿರಿನ ವಿಷಯದಲ್ಲಿ ಮಾತ್ರ ಪರಸ್ಪರ ವಿರುದ್ಧವಾದ ಎರಡು ತೀರ್ಪುಗಳು ಏಕಕಾಲದಲ್ಲಿ ಪ್ರಚಾರದಲ್ಲಿವೆ. ಒಂದು ತೀರ್ಪು 'ಕಚ್ಚಾ' ಎಂಬ ಮಾತಿನಲ್ಲಿ ಅಡಗಿದೆ; ಇನ್ನೊಂದು 'ಸುಸ್ಥಿರ' ಎಂಬ ಮಾತಿನಲ್ಲಿ. ಮೊದಲನೆಯದರ ಪ್ರಕಾರ ಬಿದಿರ ಮನೆಯು ಮನೆಯೇ ಅಲ್ಲ, ಮನೆ ಕಟ್ಟಲಾರದವನ ಆಶ್ರಯ. ಎರಡನೆಯದರ ಪ್ರಕಾರ ಅದು ಭೂಮಿಯ ಭಾರವನ್ನು ಇಳಿಸತಕ್ಕ ಮುಂಬರುವ ಕಾಲದ ಮನೆ. ಒಂದೇ ವಸ್ತುವು ಹೀಗೆ ಏಕಕಾಲದಲ್ಲಿ ನಿಂದೆಗೂ ಸ್ತುತಿಗೂ ಪಾತ್ರವಾದಾಗ, ವಸ್ತುವಿನ ಗುಣಕ್ಕಿಂತ ಮುಂಚೆ ಮಾತಿನ ಗುಣವನ್ನು ಪರೀಕ್ಷಿಸುವುದು ವಿಮರ್ಶೆಯ ಕೆಲಸವಾಗುತ್ತದೆ.

'ಕಚ್ಚಾ' ಎಂಬ ಮಾತು ಕೇವಲ ಆಡುಮಾತಲ್ಲ. ಅದು ಲೆಕ್ಕದ ಮಾತು. ೨೦೧೧ರ ಜನಗಣತಿಯಲ್ಲಿ ಮನೆಯ ಗೋಡೆಯ ಸಾಮಗ್ರಿಯನ್ನು ಗುರುತಿಸುವಾಗ ಹುಲ್ಲು, ಜೊಂಡು, ಬಿದಿರು ಮುಂತಾದುವುಗಳಿಗೆಲ್ಲ ಒಂದೇ ಅಂಕಣವನ್ನು ಇಡಲಾಯಿತು. ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗವು ಸಹಾಯಕ್ಕೆ ಅರ್ಹರಾದವರನ್ನು ಆರಿಸಿದ್ದು ಮನೆಯಿಲ್ಲದವರಿಂದ ಮತ್ತು 'ಕಚ್ಚಾ' ಗೋಡೆ, 'ಕಚ್ಚಾ' ಮಾಡುಗಳುಳ್ಳ ಸಣ್ಣ ಮನೆಗಳಲ್ಲಿ ವಾಸಿಸುವವರಿಂದ. ಹೀಗೆ ಒಂದು ವಿಶೇಷಣವು ಲಕ್ಷಾಂತರ ಕುಟುಂಬಗಳ ವಾಸಸ್ಥಾನವನ್ನು ನಿರ್ಣಯಿಸುವ ಅಧಿಕಾರವನ್ನು ಪಡೆದಿದೆ. ಆದುದರಿಂದ ಅದರ ಅರ್ಥವನ್ನು ವಿಚಾರಿಸುವುದು ಪಂಡಿತರ ವಿನೋದವೆಂದು ಯಾರೂ ಭಾವಿಸಬೇಕಾಗಿಲ್ಲ.

'ಪಕ್ಕಾ' ಎಂಬುದು ಸಂಸ್ಕೃತದ 'ಪಕ್ವ' ಶಬ್ದದಿಂದ ಹಿಂದಿಯ ಮೂಲಕ ಕನ್ನಡಕ್ಕೆ ಬಂದ ಮಾತು. ಬೆಂದದ್ದು, ಮಾಗಿದ್ದು ಎಂಬುದು ಅದರ ಅರ್ಥ. ಬೇಯದ, ಮಾಗದ ಹಸಿಯ ವಸ್ತು 'ಕಚ್ಚಾ'. ಸುಟ್ಟ ಇಟ್ಟಿಗೆಗೆ ಮೊದಲನೆಯ ಹೆಸರೂ ಹಸಿಯ ಇಟ್ಟಿಗೆಗೆ ಎರಡನೆಯ ಹೆಸರೂ ಒಪ್ಪುತ್ತವೆ. ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ, ಎರಡು ಇಟ್ಟಿಗೆಗಳ ಮಣ್ಣೂ ಒಂದೇ. ಪಕ್ವತೆಯೆಂಬುದು ದ್ರವ್ಯದ ಜಾತಿಯಲ್ಲ. ಸಂಸ್ಕಾರದಿಂದ ದ್ರವ್ಯಕ್ಕೆ ಬಂದ ಅವಸ್ಥೆ. ಮಣ್ಣಿನ ವಿಷಯದಲ್ಲಿ ಈ ಭೇದವನ್ನು ಒಪ್ಪಿದ ಲೆಕ್ಕಿಗನು ಬಿದಿರಿನ ವಿಷಯದಲ್ಲಿ ಅದನ್ನು ಮರೆತು, ಇಡೀ ಜಾತಿಯನ್ನೇ ಹಸಿಯೆಂದು ಬರೆದುಕೊಂಡಿದ್ದಾನೆ. ಬಿದಿರಿನಲ್ಲಿಯೂ ಹಸಿಯದು, ಮಾಗಿದ್ದು ಎಂಬ ಭೇದವುಂಟು. ಸಂಸ್ಕಾರವಾದದ್ದು, ಆಗದ್ದು ಎಂಬ ಭೇದವೂ ಉಂಟು. ಮನೆಯ ಬಾಳಿಕೆಯು ನಿಂತಿರುವುದು ಈ ಭೇದಗಳ ಮೇಲೆ.

೨

ಅಮರಸಿಂಹನು ತನ್ನ ಕೋಶದ ವನೌಷಧಿವರ್ಗದಲ್ಲಿ ಬಿದಿರಿಗೆ ಹತ್ತು ಹೆಸರುಗಳನ್ನು ಕೊಟ್ಟಿದ್ದಾನೆ. ಅವುಗಳಲ್ಲಿ ನಾಲ್ಕನ್ನು ಆರಿಸಿ ನೋಡಿದರೆ, ಹೆಸರಿಟ್ಟವರು ಬಿದಿರನ್ನು ದೂರದಿಂದ ಕಂಡವರಲ್ಲ, ಕಡಿದು ಸೀಳಿ ಕಟ್ಟಿ ಬಲ್ಲವರು ಎಂಬುದು ಸ್ಪಷ್ಟವಾಗುತ್ತದೆ.

ಮೊದಲನೆಯದು 'ತ್ವಕ್ಸಾರ': ತೊಗಟೆಯಲ್ಲಿ ಸಾರವುಳ್ಳದ್ದು. ಮರದ ಸಾರವು ಒಳಗಿನ ಚೇಗಿನಲ್ಲಿರುತ್ತದೆ, ಬಿದಿರಿನದು ಹೊರಗಿರುತ್ತದೆ. ಸೂಕ್ಷ್ಮದರ್ಶಕದಿಂದ ನೋಡಿದ ಸಸ್ಯಶಾಸ್ತ್ರಜ್ಞರ ನಿರ್ಣಯವೂ ಇದೇ. ಬಿದಿರ ಗಳದ ಗೋಡೆಯಲ್ಲಿ ಸುಮಾರು ಅರ್ಧ ಭಾಗ ಮೃದುವಾದ ಕೋಶಗಳು, ನೂರಕ್ಕೆ ನಲವತ್ತರಷ್ಟು ನಾರು, ಉಳಿದ ಹತ್ತರಷ್ಟು ರಸವಾಹಿಗಳು. ಆ ನಾರಿನ ಕಟ್ಟುಗಳು ಹೊರಗಿನ ಸಿಪ್ಪೆಯ ಕಡೆಗೆ ದಟ್ಟವಾಗಿಯೂ ಒಳಗಡೆಗೆ ವಿರಳವಾಗಿಯೂ ಇರುತ್ತವೆ. ಒಳಗಿನ ಮೃದುಕೋಶಗಳಲ್ಲಿ ಪಿಷ್ಟವು ಶೇಖರವಾಗಿರುತ್ತದೆ, ಮತ್ತು ಕುಟ್ಟೆಹುಳು ಹುಡುಕಿಕೊಂಡು ಬರುವುದು ಈ ಪಿಷ್ಟವನ್ನೇ. ಬಲವೂ ದೌರ್ಬಲ್ಯವೂ ಎಲ್ಲಿವೆಯೆಂಬುದನ್ನು ಒಂದೇ ಸಮಾಸವು ತಿಳಿಸುತ್ತದೆ.

ಎರಡನೆಯದು 'ಶತಪರ್ವ': ನೂರು ಗೆಣ್ಣುಗಳುಳ್ಳದ್ದು. ಟೊಳ್ಳಾದ ನಳಿಗೆಯು ಬಾಗಿದಾಗ ಚಪ್ಪಟೆಯಾಗಿ ಮುರಿಯದಂತೆ ತಡೆಯುವುದು ಗೆಣ್ಣಿನ ಒಳಗಿನ ಅಡ್ಡಪೊರೆ. ಬಲ್ಲ ಕೆಲಸಗಾರನು ಭಾರ ಬೀಳುವ ಜಾಗಕ್ಕೆ ಗೆಣ್ಣು ಬರುವಂತೆ ಅಳೆದು ಕತ್ತರಿಸುತ್ತಾನೆ. ಅರಿಯದವನು ಗೆಣ್ಣುಗಳ ನಡುವೆ ಮೊಳೆ ಹೊಡೆದು ಗಳವನ್ನು ಉದ್ದಕ್ಕೂ ಸೀಳುತ್ತಾನೆ.

ಮೂರನೆಯದು 'ತೃಣಧ್ವಜ': ಹುಲ್ಲುಗಳಲ್ಲಿ ಧ್ವಜಪ್ರಾಯವಾದದ್ದು. ಬಿದಿರು ಮರವಲ್ಲ, ಹುಲ್ಲಿನ ಕುಲಕ್ಕೆ ಸೇರಿದ್ದು ಎಂಬುದು ಇಂದಿನ ಸಸ್ಯಶಾಸ್ತ್ರದ ಸಿದ್ಧಾಂತ. ಕಳಲೆಯು ನೆಲದಿಂದ ಹೊರಡುವಾಗಲೇ ತನ್ನ ಪೂರ್ಣವಾದ ದಪ್ಪದೊಡನೆ ಹೊರಡುತ್ತದೆ. ಕೆಲವೇ ತಿಂಗಳುಗಳಲ್ಲಿ ಪೂರ್ಣವಾದ ಎತ್ತರವನ್ನು ಮುಟ್ಟುತ್ತದೆ. ಆಮೇಲೆ ಮರದಂತೆ ವರ್ಷವರ್ಷಕ್ಕೆ ದಪ್ಪವಾಗುವುದಿಲ್ಲ. ಆದುದರಿಂದ ಸುತ್ತಳತೆಯನ್ನು ನೋಡಿ ಅದರ ವಯಸ್ಸನ್ನು ಹೇಳುವಂತಿಲ್ಲ. ಒಳಗೆ ನಾರು ಗಟ್ಟಿಯಾಗಿ ಕಟ್ಟಡಕ್ಕೆ ಯೋಗ್ಯವಾಗಲು ಮೂರರಿಂದ ಐದು ವರ್ಷಗಳು ಬೇಕು. ಒಂದು ವರ್ಷದ ಗಳವೂ ನಾಲ್ಕು ವರ್ಷದ ಗಳವೂ ಒಂದೇ ಮೆಳೆಯಲ್ಲಿ ಅಕ್ಕಪಕ್ಕದಲ್ಲಿ ಒಂದೇ ಗಾತ್ರದಲ್ಲಿ ನಿಂತಿರುತ್ತವೆ. ಒಂದು ಕಚ್ಚಾ, ಇನ್ನೊಂದು ಪಕ್ವ. ಇದನ್ನು ಬಣ್ಣದಿಂದಲೂ ಬಡಿದಾಗ ಬರುವ ದನಿಯಿಂದಲೂ ಮೈಮೇಲಿನ ಪಾಚಿಯಿಂದಲೂ ಗುರುತಿಸುವುದು ಕಣ್ಣಿನ ಮತ್ತು ಕೈಯ ವಿದ್ಯೆ.

ನಾಲ್ಕನೆಯದಾದ 'ಯವಫಲ' ಎಂಬ ಹೆಸರಿನ ವಿಚಾರವು ಮುಂದೆ ಬರುವುದು. ಅದಕ್ಕೆ ಮೊದಲು ಅಮರನು ಪ್ರತ್ಯೇಕವಾಗಿ ಹೇಳಿದ 'ಕೀಚಕ' ಶಬ್ದವನ್ನು ನೋಡಬಹುದು. ಗಾಳಿಗೆ ದನಿ ಮಾಡುವ ಬಿದಿರಿಗೆ ಅವನು ಈ ಹೆಸರನ್ನು ಕೊಟ್ಟನು. ಕಾಳಿದಾಸನು ರಘುವಂಶದ ಎರಡನೆಯ ಸರ್ಗದಲ್ಲಿ ಇಂಥ ರಂಧ್ರಗಳುಳ್ಳ ಬಿದಿರುಗಳಿಂದ ಕೊಳಲಿನ ಕೆಲಸವನ್ನು ಮಾಡಿಸಿದ್ದಾನೆ. ಕವಿಗೆ ಗುಣವಾಗಿ ಒದಗಿದ ಆ ರಂಧ್ರವು ಮನೆ ಕಟ್ಟುವವನಿಗೆ ದೋಷ. ಹುಳು ಕೊರೆದು ಹಾಡುವ ಬಿದಿರನ್ನು ಅವನು ತೊಲೆಗೆ ಏರಿಸಲಾರನು. ಕಾವ್ಯದ ಬಿದಿರಿನ ಮೇಲಿನ ಪ್ರೀತಿಯಿಂದ ಮನೆಯ ಬಿದಿರಿಗೆ ಪ್ರಮಾಣಪತ್ರವನ್ನು ಕೊಡುವುದು ಯುಕ್ತವಲ್ಲವೆಂಬುದಕ್ಕೆ ಈ ಒಂದು ನಿದರ್ಶನವೇ ಸಾಕು.

ಕೋಶಕಾರನು ಹುಲ್ಲೆಂದು ಅರಿತದ್ದನ್ನು ಶಾಸನಕಾರನು ಮರವೆಂದು ಬರೆದದ್ದು ಈ ಶಬ್ದಚರಿತ್ರೆಯ ವಿಷಾದಕರವಾದ ಅಧ್ಯಾಯ. ೧೯೨೭ರ ಭಾರತೀಯ ಅರಣ್ಯ ಶಾಸನದ ವ್ಯಾಖ್ಯೆಯಲ್ಲಿ 'ಮರ' ಎಂಬ ಪದವು ತಾಳೆ, ಬಿದಿರು, ಬೆತ್ತ ಮೊದಲಾದುವನ್ನು ಒಳಗೊಂಡಿತು. ಅದರ ಫಲವಾಗಿ ರೈತನು ತನ್ನ ಹೊಲದ ಅಂಚಿನಲ್ಲಿ ತಾನೇ ನೆಟ್ಟ ಬಿದಿರನ್ನು ಕಡಿದು ಸಾಗಿಸುವುದಕ್ಕೂ ಅನೇಕ ಕಡೆ ಅಪ್ಪಣೆಯನ್ನು ಬೇಡಬೇಕಾಯಿತು. ೨೦೦೬ರ ಅರಣ್ಯಹಕ್ಕು ಶಾಸನವು ಬಿದಿರನ್ನು ಕಿರು ಅರಣ್ಯೋತ್ಪನ್ನಗಳಲ್ಲಿ ಎಣಿಸಿತು. ೨೦೧೭ರ ನವೆಂಬರಿನಲ್ಲಿ ಹೊರಟ ಅಧ್ಯಾದೇಶವೂ ಅದರ ಹಿಂದೆಯೇ ಬಂದ ತಿದ್ದುಪಡಿ ಶಾಸನವೂ ಆ ವ್ಯಾಖ್ಯೆಯಿಂದ 'ಬಿದಿರು' ಎಂಬ ಮಾತನ್ನು ತೆಗೆದುಹಾಕಿದುವು. ಕಾಡಿನ ಹೊರಗೆ ಬೆಳೆದ ಬಿದಿರು ಮರವಲ್ಲವೆಂಬುದು ಹೀಗೆ ನಿಶ್ಚಯವಾಯಿತು. ಒಂದು ತಪ್ಪು ಹೆಸರು ತೊಂಬತ್ತು ವರ್ಷಗಳ ಕಾಲ ಒಂದು ಬೆಳೆಯನ್ನು ಬೆಳೆಗಾರನ ಕೈಗೆ ಸಿಕ್ಕದಂತೆ ಮಾಡಬಲ್ಲುದಾದರೆ, 'ಕಚ್ಚಾ' ಎಂಬ ಹೆಸರನ್ನು ಪರೀಕ್ಷಿಸದೆ ಬಿಡುವುದು ಹೇಗೆ?

೩

ಹತ್ತು ಹೆಸರುಗಳ ಮೊದಲಿಗೆ ಬರುವ 'ವಂಶ' ಶಬ್ದವು ವಿಶೇಷವಾದ ವಿಚಾರಕ್ಕೆ ಅರ್ಹವಾಗಿದೆ. ಅದಕ್ಕೆ ಬಿದಿರು ಎಂದೂ ಮನೆಯ ಮೇಲುದೊಲೆ ಎಂದೂ ಕುಲಪರಂಪರೆ ಎಂದೂ ಅರ್ಥಗಳುಂಟು. ಅಥರ್ವವೇದದ ಮೂರನೆಯ ಕಾಂಡದ ಹನ್ನೆರಡನೆಯ ಸೂಕ್ತವು ಮನೆಯನ್ನು ಕಟ್ಟಿ ನಿಲ್ಲಿಸುವ ಸಂದರ್ಭಕ್ಕೆ ಸೇರಿದ್ದು. ಅಲ್ಲಿ ಕಂಬವನ್ನು ಏರಿ ನಿಲ್ಲಬೇಕೆಂದು ವಂಶವನ್ನು ಸಂಬೋಧಿಸಲಾಗಿದೆ. ತೊಲೆಗಳು ಪೂರ್ವಾಭಿಮುಖವಾಗಿರುವ ಯಜ್ಞಶಾಲೆಗೆ 'ಪ್ರಾಚೀನವಂಶ' ಎಂಬ ಹೆಸರು ನಿಂತಿದೆ. ಬಿದಿರು ಬಡವನ ಸಾಮಗ್ರಿಯೆಂಬ ಭಾವನೆ ಆ ಕಾಲದ ಮಾತಿನಲ್ಲಿ ಕಾಣುವುದಿಲ್ಲ.

ಕನ್ನಡದ ಸಾಕ್ಷ್ಯವೂ ಇದಕ್ಕೆ ಭಿನ್ನವಾಗಿಲ್ಲ. 'ಬಿದಿರು' ಅಚ್ಚ ದ್ರಾವಿಡ ಶಬ್ದ. ತಮಿಳಿನ 'ವೆದಿರ್', ತೆಲುಗಿನ 'ವೆದುರು', ತುಳುವಿನ 'ಬೆದುರು' ಇವು ಅದರ ಒಡಹುಟ್ಟುಗಳು. ಉಂಡ ಮನೆಯ ಗಳ ಹಿರಿಯುವುದು ಎಂಬ ನುಡಿಗಟ್ಟು ಕೃತಘ್ನತೆಯ ಪರಾಕಾಷ್ಠೆಯನ್ನು ಸೂಚಿಸುತ್ತದೆ. ಮಾಡಿನ ಒಂದು ಗಳವನ್ನು ಎಳೆದರೆ ಮನೆಯೇ ಕುಸಿಯುವುದೆಂಬ ಅನುಭವವಿಲ್ಲದ ಜನರಲ್ಲಿ ಈ ನುಡಿ ಹುಟ್ಟಲಾರದು. ಆದರೆ ಇದೇ ಸಾಕ್ಷ್ಯವನ್ನು ಅತಿಯಾಗಿ ಎಳೆಯಲೂ ಬಾರದು. ವೇಣುಪುರವೆಂದು ಸಂಸ್ಕೃತದಲ್ಲಿ ಕರೆಯಿಸಿಕೊಂಡ ಮೂಡಬಿದಿರೆಯಲ್ಲಿ ೧೪೩೦ರಲ್ಲಿ ಎದ್ದ ಸಾವಿರ ಕಂಬದ ಬಸದಿಯು ಕೆಳಗೆ ಕಲ್ಲಿನದು, ಮೇಲಿನ ಅಂತಸ್ತುಗಳಲ್ಲಿ ಮರದ್ದು. ಬಿದಿರಿನ ಹೆಸರನ್ನು ಹೊತ್ತ ಊರು ಕೂಡ, ಶತಮಾನಗಳ ಕಾಲ ಅಲುಗದೆ ನಿಲ್ಲಬೇಕಾದ ಕಟ್ಟಡಕ್ಕೆ ಬಿದಿರನ್ನು ನಂಬಲಿಲ್ಲ.

ಇಲ್ಲಿ ಬಾಳಿಕೆಯೆಂಬ ಮಾತಿಗೆ ಎರಡು ಅರ್ಥಗಳಿರುವುದು ತಿಳಿದುಬರುತ್ತದೆ. ಕಲ್ಲಿನ ಬಾಳಿಕೆ ವ್ಯಕ್ತಿಯ ದೀರ್ಘಾಯುಸ್ಸಿನಂತೆ. ಬಿದಿರಿನ ಬಾಳಿಕೆ ವಂಶದ ಬಾಳಿಕೆಯಂತೆ. ವಂಶವು ಉಳಿಯುವುದು ಒಬ್ಬನು ಸಾಯದೆ ಇರುವುದರಿಂದಲ್ಲ, ಒಬ್ಬನ ಸ್ಥಾನಕ್ಕೆ ಇನ್ನೊಬ್ಬನು ಬರುವುದರಿಂದ. ಹಳೆಯ ಗಳವನ್ನು ತೆಗೆದು ಹೊಸ ಗಳವನ್ನು ಹಾಕುವ ಮನೆಯು, ಹಿತ್ತಲಿನ ಮೆಳೆಯೂ ಗಳವನ್ನು ಆರಿಸುವ ಕೈಯೂ ಇರುವವರೆಗೆ ಬಾಳುತ್ತದೆ. ೧೯೮೭ರಲ್ಲಿ ಬ್ರುಂಟ್‌ಲಂಡ್ ಆಯೋಗದ ವರದಿಯು ಜಗತ್ತಿನಾದ್ಯಂತ ಹರಡಿದ ಭಾವನೆಗೆ ಕನ್ನಡದಲ್ಲಿ 'ಸುಸ್ಥಿರ' ಎಂಬ ಮಾತು ರೂಢವಾಗಿದೆ. ಚೆನ್ನಾಗಿ ಸ್ಥಿರವಾದದ್ದು ಎಂಬ ಅದರ ಅಕ್ಷರಾರ್ಥವು ಕಲ್ಲಿಗೆ ಒಪ್ಪುತ್ತದೆಯೇ ಹೊರತು ಬಿದಿರಿಗೆ ಒಪ್ಪುವುದಿಲ್ಲ. ಬಿದಿರಿನ ಯೋಗ್ಯತೆಯಿರುವುದು ಸ್ಥಿರತೆಯಲ್ಲಲ್ಲ, ಸಂತತಿಯಲ್ಲಿ. ಆ ಮಾತನ್ನು ಈ ಅರ್ಥದಲ್ಲಿ ಗ್ರಹಿಸಿಕೊಂಡರೆ ಮಾತ್ರ ಮುಂದಿನ ವಿಚಾರವು ಸರಿಯಾಗಿ ನಡೆಯುತ್ತದೆ.

೪

ಇನ್ನು ನಿಂದಕರ ಪಕ್ಷವನ್ನು ಪರಿಶೀಲಿಸಬಹುದು. ಬಿದಿರು ಬೇಗನೆ ಕೊಳೆಯುತ್ತದೆ, ಹುಳು ಹಿಡಿಯುತ್ತದೆ, ಬೆಂಕಿಗೆ ಸಿಕ್ಕುತ್ತದೆ ಎಂಬುದು ಅವರ ವಾದ. ಇದು ಸುಳ್ಳಲ್ಲ. ಬಿದಿರಿನ ರಚನೆಯನ್ನು ಜೀವಮಾನವೆಲ್ಲ ಅಭ್ಯಾಸ ಮಾಡಿದ ಜರ್ಮನಿಯ ವಾಲ್ಟರ್ ಲೀಸೆಯವರ ಲೆಕ್ಕದಂತೆ, ಸಂಸ್ಕಾರವಿಲ್ಲದ ಬಿದಿರು ಮಳೆಗೂ ನೆಲಕ್ಕೂ ತಗುಲಿಕೊಂಡಿದ್ದರೆ ಒಂದರಿಂದ ಮೂರು ವರ್ಷ ಬಾಳುತ್ತದೆ. ಮಾಡಿನ ಕೆಳಗೆ ನೆಲ ಸೋಂಕದೆ ಇದ್ದರೆ ನಾಲ್ಕರಿಂದ ಏಳು ವರ್ಷ. ಅನುಕೂಲವಾದ ಪರಿಸ್ಥಿತಿಯಲ್ಲಿ ಹತ್ತರಿಂದ ಹದಿನೈದು ವರ್ಷ. ಈ ಅಂಕಿಗಳನ್ನು ನಿಂದಕರು ತಮ್ಮ ಪಕ್ಷಕ್ಕೆ ಉದಾಹರಿಸುತ್ತಾರೆ. ಆದರೆ ಅದೇ ಅಂಕಿಗಳು ಇನ್ನೊಂದು ಸಂಗತಿಯನ್ನೂ ಹೇಳುತ್ತವೆ: ಯಾವ ಔಷಧವನ್ನೂ ಹಾಕದೆ, ಕೇವಲ ನೆಲದಿಂದ ಎತ್ತಿ ಮಳೆಯಿಂದ ಮರೆಮಾಡಿದ ಮಾತ್ರದಿಂದಲೇ ಆಯುಸ್ಸು ಹಲವು ಪಟ್ಟು ಹೆಚ್ಚುತ್ತದೆ. ಗುಣವು ಬಿದಿರಿನದಾಗಿದ್ದರೆ ಜಾಗ ಬದಲಾದಾಗ ಆಯುಸ್ಸು ಬದಲಾಗಬಾರದಾಗಿತ್ತು.

ರೋಮ್ ದೇಶದ ವಿಟ್ರೂವಿಯಸ್ ಎಂಬ ಶಿಲ್ಪಾಚಾರ್ಯನು ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ರಚಿಸಿದ ವಾಸ್ತುಗ್ರಂಥದ ಎರಡನೆಯ ಪುಸ್ತಕದಲ್ಲಿ ಹೆಣೆದ ತಡಿಕೆಗೋಡೆಯನ್ನು ಕಠಿನವಾಗಿ ಖಂಡಿಸಿದ್ದಾನೆ. ಅವನ ತಡಿಕೆ ಬಿದಿರಿನದಲ್ಲವಾದರೂ ದೋಷಾರೋಪಣೆ ಒಂದೇ ತರದ್ದು: ಅದು ಪಂಜಿನಂತೆ ಬೆಂಕಿಗೆ ಸಿದ್ಧವಾಗಿರುವುದೆಂದೂ ಅಂಥ ಗೋಡೆಯನ್ನು ಯಾರೂ ಕಂಡುಹಿಡಿಯದೆ ಇದ್ದಿದ್ದರೆ ಲೇಸಾಗುತ್ತಿತ್ತೆಂದೂ ಅವನ ಅಭಿಪ್ರಾಯ. ಆದರೂ ಕಟ್ಟಲೇಬೇಕಾದ ಪಕ್ಷದಲ್ಲಿ ಅಡಿಗಟ್ಟನ್ನು ಎತ್ತರಿಸಿ, ಗೋಡೆಯ ಬುಡವು ನೆಲವನ್ನು ಮುಟ್ಟದಂತೆ ಮಾಡಬೇಕೆಂದು ಅವನೇ ಹೇಳುತ್ತಾನೆ. ಖಂಡಿಸುವವನು ತನ್ನ ಖಂಡನೆಯೊಳಗೇ ಪರಿಹಾರವನ್ನು ಇಟ್ಟಿದ್ದಾನೆ. ದಕ್ಷಿಣ ಅಮೆರಿಕದ ಕೊಲಂಬಿಯ ದೇಶದ ಕೆಲಸಗಾರರು ಇದನ್ನೇ ಗಾದೆಯಾಗಿ ಆಡುತ್ತಾರೆ: ಬಿದಿರ ಮನೆಗೆ ಕಾಲಿಗೆ ಒಳ್ಳೆಯ ಜೋಡು ಬೇಕು, ತಲೆಗೆ ಒಳ್ಳೆಯ ಟೊಪ್ಪಿಗೆ ಬೇಕು. ಕನ್ನಡ ನಾಡಿನ ಎತ್ತರದ ಜಗಲಿಯೂ ಉದ್ದವಾಗಿ ಚಾಚಿದ ಸೂರೂ ಇದೇ ತತ್ತ್ವಕ್ಕೆ ಸೇರಿದುವು.

ಸಂಸ್ಕಾರದ ವಿಷಯವೂ ಹೊಸದಲ್ಲ. ಕಡಿದ ಗಳಗಳನ್ನು ಕೆಲವು ವಾರ ಹರಿಯುವ ನೀರಿನಲ್ಲೋ ಕೆರೆಯಲ್ಲೋ ಮುಳುಗಿಸಿಡುವ ಪದ್ಧತಿ ಅನೇಕ ದೇಶಗಳಲ್ಲಿ ಹಿಂದಿನಿಂದ ಬಂದಿದೆ. ಹುಳುವಿಗೆ ಆಹಾರವಾದ ಪಿಷ್ಟವು ಇದರಿಂದ ಕರಗಿ ಹೋಗುತ್ತದೆ. ಬಿಳಿಗಾರವನ್ನೂ ಬೋರಿಕ್ ಆಮ್ಲವನ್ನೂ ಕೂಡಿಸಿದ ದ್ರಾವಣವನ್ನು ಗಳದೊಳಕ್ಕೆ ಹಿಡಿಸುವುದು ಇಂದಿನ ಪದ್ಧತಿ. ಇದು ಮನುಷ್ಯನಿಗೆ ಹೆಚ್ಚು ಅಪಾಯವಿಲ್ಲದ ಔಷಧ. ಆದರೆ ಮಳೆಗೆ ತೊಳೆದುಹೋಗುವುದರಿಂದ ಸೂರಿನ ರಕ್ಷಣೆಯನ್ನು ಬಿಟ್ಟು ಇದೊಂದನ್ನೇ ನೆಚ್ಚುವಂತಿಲ್ಲ. ಇಷ್ಟೆಲ್ಲ ಎಚ್ಚರಿಕೆ ಬೇಕಾದ ವಸ್ತುವು ದುರ್ಬಲವೆಂದು ಯಾರಾದರೂ ಆಕ್ಷೇಪಿಸಿದರೆ, ಸಿಮೆಂಟಿನ ಮನೆಯೊಳಗಿನ ಕಬ್ಬಿಣವನ್ನು ನೆನೆಯಬೇಕು. ಅದಕ್ಕೂ ನೀರು ಶತ್ರು. ಕವಚ ಬಿರುಕುಬಿಟ್ಟರೆ ತುಕ್ಕು ಹಿಡಿದು ಗೋಡೆಯನ್ನೇ ಒಡೆಯುತ್ತದೆ. ಹಾಗೆಂದು ಕಬ್ಬಿಣವನ್ನು ಯಾರೂ ಕಚ್ಚಾ ಎನ್ನುವುದಿಲ್ಲ, ಕೆಲಸವನ್ನು ಕೆಟ್ಟದೆನ್ನುತ್ತಾರೆ. ಬಿದಿರಿಗೂ ಅದೇ ನ್ಯಾಯ ಸಲ್ಲಬೇಕು.

ಭೂಕಂಪದ ಸಾಕ್ಷ್ಯವು ಈ ನ್ಯಾಯವನ್ನು ಇನ್ನೂ ಖಚಿತಪಡಿಸುತ್ತದೆ. ೧೮೯೭ನೆಯ ಜೂನ್ ೧೨ರಂದು ಅಸ್ಸಾಮಿನಲ್ಲಿ ನಡೆದ ಮಹಾಕಂಪದಲ್ಲಿ ಶಿಲ್ಲಾಂಗಿನ ಕಲ್ಲಿನ ಕಟ್ಟಡಗಳು ನೆಲಸಮವಾದುವು. ಪಕ್ಕಾ ಎನಿಸಿಕೊಂಡವು ಬಿದ್ದ ಮೇಲೆ ಅಲ್ಲಿ ಮರದ ಚೌಕಟ್ಟು ನಿಲ್ಲಿಸಿ, 'ಇಕ್ರಾ' ಎಂಬ ಜೊಂಡನ್ನೋ ಬಿದಿರ ದಬ್ಬೆಯನ್ನೋ ತುಂಬಿ ಮೆತ್ತಿದ ಹಗುರವಾದ ಗೋಡೆಯ ಮನೆಗಳು ಹರಡಿದುವು. ಅಸ್ಸಾಮ್ ಮಾದರಿಯ ಮನೆಯೆಂದು ಅವು ಪ್ರಸಿದ್ಧವಾಗಿವೆ. ಇದರ ಕಾರಣವು ಸರಳವಾದದ್ದು. ನೆಲ ನಡುಗಿದಾಗ ಮನೆಯ ಮೇಲೆ ಬೀಳುವ ಒತ್ತಡವು ಮನೆಯ ತೂಕಕ್ಕೆ ತಕ್ಕಂತಿರುತ್ತದೆ. ಹಗುರವಾಗಿಯೂ ಬಾಗುವುದಾಗಿಯೂ ಇರುವ ಮನೆ ಬದುಕಿಕೊಳ್ಳುತ್ತದೆ. ೧೯೯೯ನೆಯ ಜನವರಿ ೨೫ರಂದು ಕೊಲಂಬಿಯದ ಆರ್ಮೇನಿಯ ಪಟ್ಟಣದ ಸುತ್ತಿನ ಪ್ರದೇಶ ನಡುಗಿ ಸುಮಾರು ಸಾವಿರದ ಇನ್ನೂರು ಜನ ಸತ್ತಾಗ, ಗುವಾದುವ ಎಂಬ ಹೆಬ್ಬಿದಿರಿನ ಚೌಕಟ್ಟುಳ್ಳ ಹಳೆಯ ಮನೆಗಳಲ್ಲಿ ಸುಸ್ಥಿತಿಯಲ್ಲಿದ್ದವು ಚೆನ್ನಾಗಿ ತಡೆದುಕೊಂಡುವು. ಹುಳು ತಿಂದು ಬುಡ ಕೊಳೆತಿದ್ದವು ಕೆಟ್ಟುವು. ಜಾತಿಯೊಂದೇ, ಫಲ ಎರಡು. ಆ ದೇಶದ ೨೦೧೦ರ ಕಟ್ಟಡ ಸಂಹಿತೆಯಲ್ಲಿ ಗುವಾದುವ ಬಿದಿರಿಗೆ ಪ್ರತ್ಯೇಕವಾದ ಅಧ್ಯಾಯವೇ ಏರ್ಪಟ್ಟಿತು.

ಭಾರತದಲ್ಲಿಯೂ ಬಿದಿರಿನ ಕಟ್ಟಡದ ವಿನ್ಯಾಸಕ್ಕೆ ೨೦೧೨ರಲ್ಲಿ ಮಾನಕ ಸಂಸ್ಥೆಯ ನಿಯಮಾವಳಿ ಹೊರಟಿತು. ೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಮರದ ಜೊತೆಯಲ್ಲಿ ಬಿದಿರಿಗೂ ಸ್ಥಾನ ಕೊಟ್ಟಿದೆ. ಭಾರವನ್ನು ಹೊರಬಲ್ಲ ದ್ರವ್ಯವೆಂದು ಒಂದು ಕಚೇರಿಯು ನಿಯಮವನ್ನು ರಚಿಸುತ್ತಿರುವಾಗ ಇನ್ನೊಂದು ಕಚೇರಿಯು ಅದನ್ನೇ ಹುಲ್ಲುಜೊಂಡುಗಳ ಅಂಕಣಕ್ಕೆ ನೂಕಿದೆ. ಈ ವಿರೋಧವು ವಸ್ತುವಿನಲ್ಲಿಲ್ಲ, ಮಾತಿನಲ್ಲಿದೆ.

೫

ಸ್ತುತಿಪಾಠಕರ ಪಕ್ಷವೂ ಇಷ್ಟೇ ನಿಷ್ಠುರವಾದ ಪರೀಕ್ಷೆಗೆ ಒಳಗಾಗಬೇಕು. ಬಿದಿರನ್ನು 'ಹಸಿರು ಉಕ್ಕು' ಎಂದು ಕರೆಯುವುದು ಅವರ ವಾಡಿಕೆ. ಎಳೆತಕ್ಕೆ ಬಿದಿರಿನ ಹೊರನಾರು ತೋರುವ ಬಲವು ಆಶ್ಚರ್ಯಕರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಬಲವು ನಾರಿನ ಉದ್ದಕ್ಕೆ ಮಾತ್ರ ಸಲ್ಲುತ್ತದೆ. ಅಡ್ಡಕ್ಕೆ ಬಿದಿರು ಸುಲಭವಾಗಿ ಸೀಳುತ್ತದೆ. ಎಲ್ಲ ದಿಕ್ಕಿಗೂ ಒಂದೇ ಬಲವುಳ್ಳ ಉಕ್ಕಿನೊಡನೆ ಅದನ್ನು ಸಮೀಕರಿಸುವುದು ಸಾಧರ್ಮ್ಯವಿಲ್ಲದ ಉಪಮೆ. ಇದಲ್ಲದೆ ಮನೆಯು ಮುರಿಯುವುದು ಸಾಮಾನ್ಯವಾಗಿ ಗಳದ ನಡುವೆ ಅಲ್ಲ, ಗಳವು ಗಳವನ್ನು ಸೇರುವ ಸಂದಿನಲ್ಲಿ. ಸಂದು ಕಟ್ಟುವವನ ಕೌಶಲವನ್ನು ಬಿಟ್ಟು ನಾರಿನ ಬಲವನ್ನು ಮಾತ್ರ ಹೊಗಳುವುದು ಅನ್ವಯವನ್ನು ನೋಡದೆ ಪದಗಳನ್ನು ಹೊಗಳಿದಂತೆ.

ಬೆಳೆಯುವ ವೇಗವನ್ನು ಕುರಿತ ಹೊಗಳಿಕೆಯೂ ಹೀಗೆಯೇ. ಎತ್ತರವು ತಿಂಗಳುಗಳಲ್ಲಿ ಬರುತ್ತದೆ, ಪಕ್ವತೆಯು ವರ್ಷಗಳಲ್ಲಿ. ಎತ್ತರವನ್ನು ನೋಡಿ ಕಡಿದವನು ಹಸಿಯ ಮನೆಯನ್ನು ಕಟ್ಟಿ ಬಿದಿರನ್ನು ದೂರುತ್ತಾನೆ. ಬಿದಿರು ಗಾಳಿಯಿಂದ ಹೀರಿದ ಇಂಗಾಲವನ್ನು ಮನೆಯು ಹಿಡಿದಿಟ್ಟುಕೊಳ್ಳುವುದೆಂಬ ವಾದವು ಸತ್ಯವಾದರೂ, ಮನೆ ಎಷ್ಟು ವರ್ಷ ನಿಲ್ಲುವುದೋ ಅಷ್ಟೇ ವರ್ಷದ ಸತ್ಯ. ಮೂರು ವರ್ಷಕ್ಕೆ ಕೊಳೆಯುವ ಮನೆಯಿಂದ ಭೂಮಿಗೆ ಉಪಕಾರವೂ ಇಲ್ಲ, ಒಡೆಯನಿಗೆ ಸುಖವೂ ಇಲ್ಲ.

ಈಗ 'ಯವಫಲ' ಶಬ್ದಕ್ಕೆ ಬರಬಹುದು. ಬಿದಿರು ಬಹುಕಾಲಕ್ಕೊಮ್ಮೆ ಹೂಬಿಟ್ಟು, ಧಾನ್ಯದಂತೆ ಬೀಜವನ್ನು ಸುರಿಸಿ, ಮೆಳೆಗೆ ಮೆಳೆಯೇ ಸಾಯುತ್ತದೆ. ಕನ್ನಡಿಗರು ಬಿದಿರಕ್ಕಿಯೆಂದು ಬಲ್ಲದ್ದು ಈ ಬೀಜವನ್ನೇ. ಮಿಜೋರಮಿನ ಬೆಟ್ಟಗಳನ್ನು ತುಂಬಿರುವ ಬಿದಿರಿನ ಜಾತಿಯ ಫಲವು ಯವದಂತಿರದೆ ದೊಡ್ಡದಾಗಿದ್ದರೂ ಅದರ ಮರಣವು ಇದೇ ತರದ್ದು. ಸುಮಾರು ನಲವತ್ತೆಂಟು ವರ್ಷಗಳಿಗೊಮ್ಮೆ ಅದು ಒಟ್ಟಿಗೆ ಹೂಬಿಟ್ಟು ಸಾಯುತ್ತದೆ. ೧೯೧೧-೧೨, ೧೯೫೯, ೨೦೦೬ರಿಂದ ೨೦೦೮ ಇವು ಅಂಥ ಕಾಲಗಳು. ಅಲ್ಲಿಯ ಜನ ಇದನ್ನು 'ಮೌತಾಮ್', ಬಿದಿರಿನ ಸಾವು, ಎನ್ನುತ್ತಾರೆ. ಉದುರಿದ ಫಲವನ್ನು ತಿಂದು ಇಲಿಗಳು ಅಸಂಖ್ಯಾತವಾಗಿ ಹೆಚ್ಚಿ, ಫಲ ಮುಗಿದ ಮೇಲೆ ಹೊಲಗಳಿಗೂ ಕಣಜಗಳಿಗೂ ನುಗ್ಗುತ್ತವೆ. ೧೯೫೯ರ ಕ್ಷಾಮದಲ್ಲಿ ಪರಿಹಾರಕ್ಕೆಂದು ಹುಟ್ಟಿದ ಸಂಘಟನೆಯೇ ೧೯೬೧ರಲ್ಲಿ ಮಿಜೋ ರಾಷ್ಟ್ರೀಯ ರಂಗವಾಗಿ ಮಾರ್ಪಟ್ಟಿತು. ೧೯೬೬ರಲ್ಲಿ ಸಶಸ್ತ್ರವಾದ ದಂಗೆ ಎದ್ದಿತು. ಶಾಂತಿಯ ಒಪ್ಪಂದವಾದದ್ದು ೧೯೮೬ರಲ್ಲಿ. ಊರಿನ ಗೋಡೆ, ನೆಲ, ಮಾಡುಗಳಿಗೆಲ್ಲ ಒಂದೇ ಜಾತಿಯ ಬಿದಿರನ್ನು ನೆಚ್ಚಿದರೆ, ಆ ಜಾತಿಯು ಸತ್ತ ವರ್ಷ ಸಂತತಿಯೂ ಕಡಿಯುತ್ತದೆ. ಎಂದೆಂದಿಗೂ ಬತ್ತದ ಸಂಪತ್ತೆಂದು ಬಿದಿರನ್ನು ವರ್ಣಿಸುವವರು ಅಮರನ ಈ ಒಂದು ಹೆಸರನ್ನು ಓದಿಲ್ಲವೆಂದು ಹೇಳಬೇಕಾಗುತ್ತದೆ.

ಸಂತತಿ ಕಡಿಯುವುದಕ್ಕೆ ಹೂವೊಂದೇ ಕಾರಣವಲ್ಲ. ೧೯೭೦ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರೂ ಅವರ ಸಂಗಡಿಗರೂ ಕರ್ನಾಟಕದ ಬಿದಿರ ಕಾಡುಗಳನ್ನು ಪರಿಶೀಲಿಸಿದರು. ಕಾಗದದ ಕಾರ್ಖಾನೆಗಳಿಗೆ ಬಿದಿರು ಹೋಗುತ್ತಿದ್ದ ಕಾಲವದು. ಬುಟ್ಟಿ ಹೆಣೆದು ಬದುಕುವ ಮೇದರಿಗೆ ಅದೇ ಬಿದಿರು ದುರ್ಲಭವಾಗುತ್ತಿತ್ತು. ಗಳಗಳನ್ನು ಕಡಿಯಲು ಅನುಕೂಲವಾಗಲೆಂದು ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ಸವರಿ ಚೊಕ್ಕಟಮಾಡುವ ಪದ್ಧತಿ ಆಗ ಜಾರಿಯಲ್ಲಿತ್ತು. ಮೆಳೆಗೆ ಹಿತವೆಂದು ತಿಳಿದಿದ್ದ ಈ ಕೆಲಸದಿಂದ ಎಳೆಯ ಕಳಲೆಗಳು ಬಯಲಿಗೆ ಬಿದ್ದು ದನಗಳಿಗೂ ಕಾಡುಪ್ರಾಣಿಗಳಿಗೂ ಆಹಾರವಾಗುತ್ತಿದ್ದುವೆಂಬುದು ಅವರ ಪರಿಶೀಲನೆಯಿಂದ ತಿಳಿದುಬಂತು. ಮುಳ್ಳನ್ನು ಉಳಿಸಿಕೊಂಡು ಗಳವನ್ನು ತೆಗೆಯುವ ಹಳ್ಳಿಯವರ ರೂಢಿ ಕಳಲೆಯನ್ನು ಕಾಯುತ್ತಿತ್ತು. ಬಿದಿರು ತಾನಾಗಿ ಸುಸ್ಥಿರವೂ ಅಲ್ಲ, ತಾನಾಗಿ ನಶ್ವರವೂ ಅಲ್ಲ. ಅದನ್ನು ಕಡಿಯುವ ಕೈಯಿಂದ ಎರಡೂ ಆಗುತ್ತದೆ.

ಈ ಪಕ್ಷದ ಸ್ತುತಿಯು ಕಟ್ಟಡವಾಗಿ ನಿಂತಿರುವುದನ್ನು ೨೦೨೨ರ ನವೆಂಬರಿನಲ್ಲಿ ಉದ್ಘಾಟನೆಯಾದ ಬೆಂಗಳೂರು ವಿಮಾನನಿಲ್ದಾಣದ ಎರಡನೆಯ ಕಟ್ಟಡದಲ್ಲಿ ನೋಡಬಹುದು. ಸಂಸ್ಕರಿಸಿದ ಬಿದಿರಿನ ಪಟ್ಟಿಗಳನ್ನು ಅಲ್ಲಿ ಮೇಲ್ಛಾವಣಿಯ ತುಂಬ ಜಾಲದಂತೆ ಹೊಂದಿಸಲಾಗಿದೆ. ಕಣ್ಣಿಗೆ ಅದು ರಮ್ಯವಾಗಿದೆ. ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಅಲ್ಲಿ ಬಿದಿರು ಶರೀರವಲ್ಲ, ಅಲಂಕಾರ. ಅಲಂಕಾರವಾಗಿರುವುದು ತಪ್ಪಲ್ಲ. ಆದರೆ ಅಲಂಕಾರವಾದಾಗ ಸ್ತುತಿಗೆ ಪಾತ್ರವಾಗುವ ವಸ್ತುವು, ಕೂಲಿಯವನ ಮನೆಗೆ ಶರೀರವಾಗಿ ನಿಂತಾಗ ಕೊರತೆಯೆಂದು ಎಣಿಕೆಯಾಗುವುದು ವಿಚಾರವಂತರು ಒಪ್ಪತಕ್ಕ ವ್ಯವಸ್ಥೆಯಲ್ಲ.

೬

ಹೀಗೆ ಎರಡು ಪಕ್ಷಗಳೂ ಒಂದೇ ತಪ್ಪನ್ನು ಎರಡು ಕಡೆಯಿಂದ ಮಾಡಿವೆ. ಸಂಸ್ಕಾರದ ಗುಣದೋಷಗಳನ್ನು ದ್ರವ್ಯದ ಮೇಲೆ ಆರೋಪಿಸಿರುವುದೇ ಆ ತಪ್ಪು. ಒಬ್ಬನು ಕೆಟ್ಟ ಮನೆಯನ್ನು ಕಂಡು ಬಿದಿರನ್ನು ದೂರಿದನು. ಇನ್ನೊಬ್ಬನು ಒಳ್ಳೆಯ ಮೆಳೆಯನ್ನು ಕಂಡು ಮನೆಯನ್ನು ಹೊಗಳಿದನು.

ಆದರೆ 'ಕಚ್ಚಾ' ಎಂಬ ಮಾತನ್ನು ತೆಗೆದುಹಾಕಿದ ಮಾತ್ರಕ್ಕೆ ನ್ಯಾಯ ದೊರೆಯಿತೆಂದು ತಿಳಿಯುವುದೂ ಅವಸರದ ತೀರ್ಮಾನವಾದೀತು. ಆ ಮಾತಿನಿಂದಲೇ ಸಹಾಯಧನವು ಬಡವನ ಬಾಗಿಲಿಗೆ ಬರುತ್ತದೆಂಬುದನ್ನು ಮರೆಯಲಾಗದು. ಮಳೆಗಾಲದಲ್ಲಿ ಸೋರುವ, ಬುಡ ಕೊಳೆತ ತಡಿಕೆಯ ಗುಡಿಸಲಿನಲ್ಲಿ ಮಕ್ಕಳನ್ನು ಮಲಗಿಸುವ ತಾಯಿಯು ಇಟ್ಟಿಗೆಯ ಮನೆಯನ್ನು ಬಯಸಿದರೆ, ಬಿದಿರಿನ ಮಹಿಮೆಯನ್ನು ಅವಳಿಗೆ ಉಪದೇಶಿಸುವ ಹಕ್ಕು ಗಾರೆಯ ಮನೆಯಲ್ಲಿ ಕುಳಿತು ಬರೆಯುವವರಿಗೆ ಇಲ್ಲ. ಅವಳ ಮನೆ ನಿಜವಾಗಿಯೂ ಕಚ್ಚಾ. ಆದರೆ ಅದು ಕಚ್ಚಾ ಆದದ್ದು ಬಿದಿರಿನದಾದುದರಿಂದಲ್ಲ. ಎಳೆಯ ಗಳವನ್ನು ಸಂಸ್ಕಾರವಿಲ್ಲದೆ ನೆಲದಲ್ಲಿ ಹೂಳಿ, ಗಿಡ್ಡನೆಯ ಸೂರಿನ ಕೆಳಗೆ ನಿಲ್ಲಿಸಬೇಕಾದ ಬಡತನದಿಂದ. ಅವಳ ಸಂಕಟವನ್ನು ಬರೆದುಕೊಳ್ಳಬೇಕಾದ ಜಾಗದಲ್ಲಿ ಲೆಕ್ಕಿಗನು ಬಿದಿರಿನ ಹೆಸರನ್ನು ಬರೆದುಕೊಂಡಿದ್ದಾನೆ. ಇದರಿಂದ ಎರಡು ಹಾನಿಗಳುಂಟು. ಚೆನ್ನಾಗಿ ಕಟ್ಟಿದ ಬಿದಿರ ಮನೆಯವನು ತನ್ನ ಮನೆಗೆ ನಾಚುತ್ತಾನೆ. ಕೆಟ್ಟದಾಗಿ ಕಟ್ಟಿದ ಸಿಮೆಂಟಿನ ಮನೆಯವನು ತನ್ನ ಮನೆಯನ್ನು ನಂಬುತ್ತಾನೆ. ಭೂಕಂಪದ ನಾಡಿನಲ್ಲಿ ಎರಡನೆಯ ಹಾನಿಯು ಪ್ರಾಣವನ್ನೇ ತೆಗೆಯಬಹುದು.

ಆದುದರಿಂದ ಪ್ರಶ್ನೆಯ ರೂಪವನ್ನೇ ಬದಲಾಯಿಸುವುದು ಯುಕ್ತ. ಗೋಡೆ ಯಾವುದರದು ಎಂದು ಕೇಳುವುದಕ್ಕೆ ಪ್ರತಿಯಾಗಿ, ಗಳವನ್ನು ಎಷ್ಟು ವರ್ಷಕ್ಕೆ ಕಡಿದರು, ಪಿಷ್ಟವನ್ನು ಕಳೆದರೋ ಇಲ್ಲವೋ, ಬುಡವು ನೆಲದಿಂದ ಎಷ್ಟು ಮೇಲಿದೆ, ಸೂರು ಎಷ್ಟು ಚಾಚಿದೆ, ಸಂದನ್ನು ಹೇಗೆ ಕಟ್ಟಿದರು ಎಂದು ಕೇಳಬೇಕು. ಮತ್ತೊಂದು ಪ್ರಶ್ನೆಯೂ ಅಷ್ಟೇ ಮುಖ್ಯವಾದದ್ದು: ಈ ಗಳ ಕೆಟ್ಟಾಗ ಇನ್ನೊಂದು ಗಳ ಎಲ್ಲಿಂದ ಬರುವುದು, ಅದನ್ನು ಆರಿಸಬಲ್ಲವನು ಊರಿನಲ್ಲಿ ಉಳಿದಿದ್ದಾನೆಯೇ? ಕೊನೆಯ ಪ್ರಶ್ನೆಗೆ ಉತ್ತರ ದೊರೆಯದ ಕಡೆ ಬಿದಿರ ಮನೆಯನ್ನು ಸುಸ್ಥಿರವೆಂದು ಹೊಗಳುವುದು ಬರಿಯ ಮಾತು. ಉತ್ತರ ದೊರೆಯುವ ಕಡೆ ಅದನ್ನು ಕಚ್ಚಾ ಎನ್ನುವುದು ಅನ್ಯಾಯ.

ಭಾಷೆಯನ್ನು ಕಲಿಸುವವರಿಗೆ ಈ ವಿಚಾರದಲ್ಲಿ ಒಂದು ಕೆಲಸವುಂಟು. ಗಳ, ಗೆಣ್ಣು, ದಬ್ಬೆ, ತಡಿಕೆ, ಮೆಳೆ, ಕಳಲೆ ಎಂಬ ಮಾತುಗಳು ನಿಘಂಟಿನಲ್ಲಿ ಮಾತ್ರ ಉಳಿದು ಬಾಯಿಂದ ಮರೆಯಾದ ಊರಿನಲ್ಲಿ ಅವು ಹೆಸರಿಸುವ ಕೌಶಲವೂ ಬಹುಕಾಲ ಉಳಿಯದು. ಮೇದರ ಕೇರಿಯಲ್ಲಿಯೂ ಮಲೆನಾಡಿನ ಹಳ್ಳಿಗಳಲ್ಲಿಯೂ ಈ ಮಾತುಗಳನ್ನು ಬಳಸುವವರು ಇನ್ನೂ ಇದ್ದಾರೆ. ಅವರಿಂದ ಅವುಗಳ ಅರ್ಥವನ್ನು, ಗಳದ ವಯಸ್ಸನ್ನು ಗುರುತಿಸುವ ಲಕ್ಷಣಗಳೊಡನೆ, ಬರೆದುಕೊಳ್ಳುವ ಕಾರ್ಯವು ಜನಗಣತಿಯ ಅಂಕಣವನ್ನು ತಿದ್ದುವ ಕಾರ್ಯಕ್ಕಿಂತ ಮುಂಚೆ ನಡೆಯಬೇಕಾದದ್ದು.